ಏಲಕ್ಕಿ ಬ್ರೆಡ್ಡಿನ ಶುಕ್ರವಾರದ ಮೂಟೆ

ಕೀಂ.

ಅರ್ಧ ನಿಮಿಷ ಬಿಟ್ಟು ಮತ್ತೆ, ಕೀಂ.

ಬೆಳಿಗ್ಗೆ ಎಂಟಕ್ಕೆ ನಾನು ಕೌಂಟಿ ಕಚೇರಿಯ ಬಾಗಿಲು ತೆಗೆದಾಗ ಆ ಸದ್ದು ನನಗಿಂತ ಮೊದಲೇ ಕೆಲಸಕ್ಕೆ ಬಂದಿತ್ತು. ಗೋಡೆಯೊಳಗೆ ಯಾರೋ ಒಂದು ಕೋಳಿಮರಿಯನ್ನು ಮರೆತುಹೋದ ಹಾಗೆ. ಹತ್ತು ನಿಮಿಷದ ಮೇಲೆ ಸಿಲ್ವಿ ರೌತಿಯೊ ಬಂದಳು. ಬೂಟು ಕಳಚಿಟ್ಟು, ಉಣ್ಣೆಯ ಕಾಲುಚೀಲದಲ್ಲೇ ನಡೆದು, ಕಾಫಿ ಪಾತ್ರೆಯ ಪಕ್ಕದ ಸಣ್ಣ ಕೋಣೆಯ ಬಾಗಿಲು ತೆಗೆದಳು.

"ಏನಪ್ಪಾ, ಹೊಟ್ಟೆ ತುಂಬಿತಾ?" ಎಂದು ಡಿಸ್ಕಿನ ಪೆಟ್ಟಿಗೆಯನ್ನು ಕೇಳಿದಳು.

ಕೀಂ, ಎಂದಿತು ಪೆಟ್ಟಿಗೆ.

ಪೆಟ್ಟಿಗೆಯ ನೂರು ಪಾಲಿನಲ್ಲಿ ತೊಂಬತ್ತೇಳು ತುಂಬಿತ್ತು. ಅಂದು ಶುಕ್ರವಾರ. ಶುಕ್ರವಾರ ಸಂಜೆ ಐದಕ್ಕೆ ಇಡೀ ಕೌಂಟಿಯ ಕಡತಗಳನ್ನು, ನಾನು ನೋಡಿಕೊಳ್ಳುವ ಜಮೀನು ಪತ್ರಗಳಿಂದ ಹಿಡಿದು ರಸ್ತೆ ವಿಭಾಗದ ಬಿಲ್ಲುಗಳವರೆಗೆ, ಒಟ್ಟಾಗಿ ಕಟ್ಟಿ ಪೆಟ್ಟಿಗೆಯಲ್ಲಿ ಇಡುವ ಬ್ಯಾಕಪ್ಪು ತಾನಾಗಿ ಶುರುವಾಗುತ್ತದೆ. ಕೈಪಿಡಿ ಅದನ್ನು ವಾಲ್ಯೂಮ್ ಎನ್ನುತ್ತದೆ. ಸಿಲ್ವಿ ಮೂಟೆ ಎನ್ನುತ್ತಾಳೆ. ಒಂದೊಂದು ಮೂಟೆಗೂ ಆರು ತಿಂಗಳ ಆಯುಸ್ಸು. ಆಮೇಲೆ ಅದು ಅವಧಿ ಮುಗಿದದ್ದು. ಆದರೆ ಅವಧಿ ಮುಗಿಯಿತೆಂದು ಮೂಟೆ ಎದ್ದು ಹೋಗುವುದಿಲ್ಲ. ನಮ್ಮೂರಿನ ನೆಂಟರ ಹಾಗೆ, ಹೊರಟೆ ಹೊರಟೆ ಎಂದು ಕೋಟು ಹಾಕಿಕೊಂಡ ಮೇಲೂ ಬಾಗಿಲಲ್ಲಿ ಮುಕ್ಕಾಲು ಗಂಟೆ ನಿಂತಿರುತ್ತದೆ. ಯಾರಾದರೂ ಮೆಲ್ಲಗೆ ಬೆನ್ನ ಮೇಲೆ ಕೈಯಿಟ್ಟು ಹೊರಗೆ ದಾಟಿಸಬೇಕು. ವರ್ಷಕ್ಕೆ ಎರಡು ಸಲ, ಏಪ್ರಿಲಿನಲ್ಲೊಮ್ಮೆ ಅಕ್ಟೋಬರಿನಲ್ಲೊಮ್ಮೆ, ಸಿಲ್ವಿ ಮಾಡುತ್ತಿದ್ದುದು ಅದನ್ನೇ.

ಒಂಬತ್ತಕ್ಕೆ ಮೇಲಧಿಕಾರಿ ಡ್ಯಾರಿಲ್ ಟ್ರೆಂಬತ್ ಬಂದ. ಸಿಲ್ವಿ ಅವನ ತಾಯಿಯ ಗೆಳತಿ. ಅವನು ಮೂರು ವರ್ಷದವನಿದ್ದಾಗ ಅವನ ಮೂಗು ಒರೆಸಿದವಳು. ಅದನ್ನು ಇಬ್ಬರೂ ಮರೆತಿರಲಿಲ್ಲ.

"ಸಿಲ್ವಿ, ಇದಿನ್ನೂ ಕೂಗ್ತಾ ಇದೆಯಲ್ಲ? ಸೋಮವಾರ ನೀವು ರಜೆಯಲ್ಲಿದ್ದಾಗ ನಾನೇ ಕೂತು ಹಳೇದೆಲ್ಲಾ ಅಳಿಸಿದ್ದೀನಿ."

"ನೋಡಿದೆ. ನೀನು ಅಳಿಸಿದ್ದು ಪಟ್ಟೀನ."

"ಅಂದ್ರೆ?"

"ಯಾವ ಮೂಟೇಲಿ ಏನಿದೆ ಅನ್ನೋ ಪಟ್ಟಿ. ಅದು ಹೋಯ್ತು. ಅವಧಿ ಮುಗಿದ ಮೂಟೆ ಇಪ್ಪತ್ತನಾಲ್ಕೂ ಅಲ್ಲೇ ಕೂತಿವೆ. ಫ್ರಿಜ್ಜಿನ ಬಾಗಿಲ ಮೇಲಿನ ಚೀಟಿ ಹರಿದುಹಾಕಿದ್ರೆ ಒಳಗಿನ ಮೀನು ಎದ್ದು ಹೋಗುತ್ತೇನಪ್ಪಾ?"

ಡ್ಯಾರಿಲ್ ಫ್ರಿಜ್ಜಿನ ಕಡೆ ನೋಡಿದ. ಆ ಫ್ರಿಜ್ಜಿಗೂ ಸಿಲ್ವಿಯೇ ಯಜಮಾನಿ. ತಾರೀಖು ದಾಟಿದ ಮೊಸರಿನ ಡಬ್ಬಿ ಯಾರದೇ ಆಗಿರಲಿ, ಶುಕ್ರವಾರ ಹನ್ನೊಂದಕ್ಕೆ ಕಸದ ಬುಟ್ಟಿ ಸೇರುತ್ತಿತ್ತು. ಒಮ್ಮೆ ನ್ಯಾಯಾಧೀಶರ ಮೊಸರೇ ಹೋಯಿತು. ಅವರು ಅಪೀಲು ಮಾಡಲಿಲ್ಲ.

"ಹಾಗಾದ್ರೆ ಮೂಟೆಗಳನ್ನೂ ಹನ್ನೊಂದಕ್ಕೆ ಖಾಲಿ ಮಾಡಿಬಿಡಿ," ಎಂದ ಅವನು. "ಈ ಕೋಳಿ ಜೊತೆ ನಾನು ಊಟ ಮಾಡಲಾರೆ."

ಸಿಲ್ವಿಯ ತಂದೆ ತಾಮ್ರದ ಗಣಿಯಲ್ಲಿ ನೀರೆತ್ತುವ ಪಂಪು ನೋಡಿಕೊಳ್ಳುತ್ತಿದ್ದರು. ಪಂಪಿನವನು ಸರಿಯಾಗಿ ಕೆಲಸ ಮಾಡಿದರೆ ಅವನ ಹೆಸರು ಯಾರ ಬಾಯಲ್ಲೂ ಬರುವುದಿಲ್ಲ ಎಂದು ಅವಳು ಹೇಳುತ್ತಿದ್ದಳು. ಅದನ್ನು ದೂರಿನಂತೆ ಹೇಳುತ್ತಿರಲಿಲ್ಲ, ಮನೆತನದ ಬಿರುದಿನಂತೆ ಹೇಳುತ್ತಿದ್ದಳು. ಟೈಪಿಸ್ಟಾಗಿ ಸೇರಿದವಳು ಬ್ಯಾಕಪ್ಪಿಗೆ ಬಂದದ್ದು ಬೇರೆ ಯಾರಿಗೂ ಅದು ಬೇಡವಾಗಿದ್ದರಿಂದ. ಆಗೆಲ್ಲ ಟೇಪುಗಳ ಕಾಲ. ಕಚೇರಿಗೆ ಬೆಂಕಿ ಬಿದ್ದರೂ ಒಂದು ಪ್ರತಿ ಹೊರಗಿರಬೇಕು ಎಂಬ ನಿಯಮದಂತೆ ವಾರಕ್ಕೊಂದು ಟೇಪನ್ನು ಊಟದ ಡಬ್ಬಿಯಲ್ಲಿಟ್ಟು ಮನೆಗೆ ಒಯ್ಯುತ್ತಿದ್ದಳು. ಹನ್ನೆರಡು ವರ್ಷ ನಮ್ಮ ಕೌಂಟಿಯ ಎಲ್ಲ ಮದುವೆಗಳೂ ಮರಣಗಳೂ ಅವಳ ನೆಲಮಾಳಿಗೆಯಲ್ಲಿ ಆಲೂಗಡ್ಡೆಯ ಪಕ್ಕ ತಣ್ಣಗೆ ಮಲಗಿದ್ದವು.

ಟೇಪಿನ ಮೈಮೇಲೆ ಒಂದು ಸಾಲು ಬರೆಯುವ ಜಾಗವಿತ್ತು. ಡಿಸ್ಕು ಬಂದ ಮೇಲೆ ಆ ಜಾಗ ಹೋಯಿತು, ಬರೆಯುವ ಅಭ್ಯಾಸ ಹೋಗಲಿಲ್ಲ. ಒಂದು ನೀಲಿ ನೋಟುಪುಸ್ತಕ ತಂದು ಪ್ರತಿ ಶುಕ್ರವಾರ ಮೂಟೆಯ ಸಂಖ್ಯೆಯ ಎದುರಿಗೆ ಒಂದು ಸಾಲು ಬರೆಯತೊಡಗಿದಳು. ನಾನು ಒಮ್ಮೆ ಕದ್ದು ನೋಡಿದ್ದೆ. 'ಕೊಲ್ಲಿಯ ಮಂಜುಗಡ್ಡೆ ಇನ್ನೂ ಗಟ್ಟಿ. ಡ್ಯಾರಿಲ್‌ಗೆ ನೆಗಡಿ.' ಇನ್ನೊಂದು ಕಡೆ: 'ಇವತ್ತು ಏನೂ ಆಗಲಿಲ್ಲ. ಚೆನ್ನಾಗಿತ್ತು.'

ಯಾರ ಮೇಲೂ ಕೋಪ ಇಟ್ಟುಕೊಳ್ಳದ ಹೆಂಗಸು ಅವಳು, ಒಬ್ಬನನ್ನು ಬಿಟ್ಟು. ಅವಳ ಮನೆಯೆದುರಿನ ಅಂಚೆ ಡಬ್ಬಿ ಮೂರು ಚಳಿಗಾಲದಲ್ಲಿ ಕಂಬ ಸಮೇತ ಮುರಿದುಬಿದ್ದಿತ್ತು. ಮನೆಮನೆಗೆ ಗ್ಯಾಸು ತುಂಬುವ ಲಾರಿಯ ಲಿಯೊ ಲಾವೊಯ್ ಗುದ್ದಿದ್ದೆಂದು ಅವಳಿಗೆ ಖಾತ್ರಿಯಿತ್ತು. ಹನ್ನೊಂದು ವರ್ಷದಿಂದ ಅವನೊಡನೆ ಮಾತಿಲ್ಲ. ಲಿಯೊ ಪ್ರತಿ ಶುಕ್ರವಾರ ಎರಡು ಗಂಟೆಗೆ ಕಚೇರಿಯ ಟ್ಯಾಂಕು ತುಂಬಲು ಬಂದಾಗ ಅವಳು ಕಿಟಕಿಯ ಪರದೆ ಎಳೆಯುತ್ತಿದ್ದಳು. ಅವನು ಪಾಪ ಪರದೆಗೇ ಕೈ ಬೀಸಿ ಹೋಗುತ್ತಿದ್ದ.

ಹನ್ನೊಂದಕ್ಕೆ ಐದು ನಿಮಿಷ ಇರುವಾಗ, ಮೊಸರಿನ ಡಬ್ಬಿಗಳ ತಪಾಸಣೆ ನಡೆದಿದ್ದಾಗ, ಅರ್ವಿ ನಿಸ್ಕನೆನ್ ಒಳಗೆ ಬಂದ. ಮೂವತ್ತನಾಲ್ಕು ವರ್ಷ ರಸ್ತೆ ವಿಭಾಗದಲ್ಲಿ ಹಿಮ ತಳ್ಳುವ ಲಾರಿ ಓಡಿಸಿ, ಮಂಡಿ ಸವೆದು, ಹೋದ ತಿಂಗಳು ನಿವೃತ್ತನಾದವನು. ಕೈಯಲ್ಲಿ ಸುದ್ದಿಪತ್ರಿಕೆಯಲ್ಲಿ ಸುತ್ತಿದ ಹೊಗೆ ಹಾಕಿದ ಮೀನು.

"ಸಿಲ್ವಿ, ಸುಮ್ಮನೆ ಈ ಕಡೆ ಬಂದೆ."

"ಸುಮ್ಮನೆ ಬರೋನು ಮೀನು ತರಲ್ಲ. ಕೂತ್ಕೋ."

ಅರ್ವಿ ಕೂತ. ಸರೋವರದಲ್ಲಿ ಅಲೆ ಜೋರಾಗಿದೆ ಎಂದ. ಅವಳು ಹೂಂ ಎಂದಳು. ಭಾನುವಾರ ಮೊದಲ ಹಿಮ ಬೀಳುತ್ತದಂತೆ ಎಂದ. ಹೂಂ. ಒಂದಡಿ ಬೀಳಬಹುದಂತೆ. ಹೂಂ. ಆಮೇಲೆ ಪೆಟ್ಟಿಗೆ ಮೂರು ಸಲ ಕೂಗಿತು.

"ಒಂದು ಕಡತ ಅಳಿಸಿಹೋಗಿದ್ರೆ..." ಎಂದ ಕೊನೆಗೆ. "ನಂದಲ್ಲ. ಒಬ್ಬರದು."

"ಆ ಒಬ್ಬರ ಮಂಡಿ ಹೇಗಿದೆ ಈಗ?"

ಅರ್ವಿ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡ. "ನೋವಿದೆ," ಎಂದ.

ನಿಧಾನಕ್ಕೆ ಎಲ್ಲ ಹೊರಬಂತು. ಹಿಮ ಆರಡಿ ಬಿದ್ದಾಗ ಅದರ ಕೆಳಗೆ ಏನೇನಿದೆ ಎಂದು ಅರ್ವಿ ಮೂವತ್ತನಾಲ್ಕು ವರ್ಷ ಬರೆದಿಟ್ಟಿದ್ದ: ಬೆಂಕಿ ಆರಿಸುವ ನಲ್ಲಿ ಯಾವ ಮರದಿಂದ ಎಷ್ಟು ಹೆಜ್ಜೆ, ಮೋರಿ ಎಲ್ಲಿ, ಯಾರ ಅಂಚೆ ಡಬ್ಬಿ ರಸ್ತೆಗೆ ಎಷ್ಟು ಚಾಚಿದೆ. ಹೊಸ ಚಾಲಕರು ಇಬ್ಬರು, ಇಬ್ಬರೂ ಹೊರಗಿನವರು. ಅವರಿಗೆಂದು ಚಳಿಗಾಲವಿಡೀ ಎರಡು ಬೆರಳಿನಲ್ಲಿ ಕುಟ್ಟಿ ಅದನ್ನೆಲ್ಲ ಕಂಪ್ಯೂಟರಿಗೆ ಹಾಕಿದ್ದ. ಏಪ್ರಿಲಿನಲ್ಲಿ ಮುಗಿಸಿದ. ಮರುವಾರವೇ ಡ್ಯಾರಿಲ್‌ನ ಸುತ್ತೋಲೆ ಬಂತು: ಜಾಗ ಸಾಲದು, ಸ್ವಂತದ ಚಿತ್ರಗಳನ್ನೆಲ್ಲ ತೆಗೆಯಿರಿ. ಅರ್ವಿ ವಿಧೇಯನಾಗಿ ತಾನು ಹಿಡಿದ ಮೀನುಗಳ ಚಿತ್ರಗಳಿದ್ದ ಕಡತಕೋಶವನ್ನು ಪೂರ್ತಿ ಅಳಿಸಿದ. ಕುಟ್ಟಿ ಹಾಕಿದ ಆ ಪಟ್ಟಿಯೂ ಅದರೊಳಗೇ ಇತ್ತು. ಗೊತ್ತಾದದ್ದು ಮೊನ್ನೆ.

"ಮೀನಿನ ಜೊತೆ ಯಾಕೆ ಇಟ್ಟೆ?"

"ದಿನಾ ನೋಡೋದು ಅದೊಂದನ್ನೇ. ಕಳೆದುಹೋಗಲ್ಲ ಅಂದುಕೊಂಡೆ."

"ಕಾಗದದ ಪುಸ್ತಕಗಳು ಇರಬೇಕಲ್ಲ?"

ಅರ್ವಿ ಟೋಪಿಯ ಒಳಗೆ ಇಣುಕಿ ನೋಡಿದ, ಉತ್ತರ ಅಲ್ಲಿರುವಂತೆ. "ಎಲ್ಲಾ ಕಂಪ್ಯೂಟರಲ್ಲಿ ಬಂತಲ್ಲ ಅಂತ... ಸೌನಾ ಸ್ನಾನದ ಮನೆ ಒಲೆ ಹಚ್ಚೋಕೆ ಹಾಕಿಬಿಟ್ಟೆ."

"ಬಿಸಿ ಚೆನ್ನಾಗಿ ಬಂತಾ?"

"ಆ ಶನಿವಾರ ತುಂಬಾ ಚೆನ್ನಾಗಿತ್ತು."

ನಾನು ನಗು ತಡೆಯಲು ಬೀರುವಿನೊಳಗೆ ತಲೆ ಹಾಕಿದೆ. ಸಿಲ್ವಿ ನಗಲಿಲ್ಲ. "ತಲೇಲಿ ಇಲ್ಲವೇನೋ?" ಎಂದಳು.

"ಕೈಯಲ್ಲಿದೆ ಕಣೇ. ಲಾರಿ ಹತ್ತಿದ್ರೆ ಚಕ್ರ ತಾನೇ ತಿರುಗುತ್ತೆ. ಮೇಜಿನ ಮುಂದೆ ಕೂತ್ರೆ ಒಂದೂ ಬರಲ್ಲ. ಮಂಡಿ ಮಡಚಿ ಲಾರಿ ಹತ್ತೋಕೂ ಆಗಲ್ಲ." ಅವನ ದನಿ ಸಣ್ಣದಾಯಿತು. "ಆ ಇಬ್ಬರಿಗೆ ನಲ್ಲಿ ಎಲ್ಲಿದೆ ಗೊತ್ತಿಲ್ಲ. ಹಿಮದ ದಿನ ಯಾರ ಮನೆಗಾದ್ರೂ ಬೆಂಕಿ ಬಿದ್ರೆ..."

ಆಗ ಡ್ಯಾರಿಲ್ ಬಾಗಿಲಲ್ಲಿ ತಲೆ ಹಾಕಿದ. "ಹನ್ನೊಂದಾಯ್ತು ಸಿಲ್ವಿ. ಎಲ್ಲಾ ಖಾಲಿ ಮಾಡಿದ್ರಾ?"

"ಮೊಸರು ಮುಗೀತು. ಮೂಟೆಗೆ ಬರ್ತಾ ಇದ್ದೀನಿ. ನೀನು ಹೋಗಿ ಊಟ ಮಾಡು."

ಅವನು ಹೋದ. ಸಿಲ್ವಿ ಕುರ್ಚಿ ಎಳೆದುಕೊಂಡಳು. ಪಟ್ಟಿಯೇ ಅಳಿಸಿಹೋದ ಮೂಟೆಯೊಳಗೆ ಏನಿದೆ ಎಂದು ತಿಳಿಯಬೇಕಾದರೆ ಅದನ್ನು ಮೊದಲಿನಿಂದ ಕೊನೆಯವರೆಗೆ ಓದಿಸಬೇಕು. ಒಂದಕ್ಕೆ ಎರಡೂವರೆ ಗಂಟೆ. ಐದಕ್ಕೆ ಬ್ಯಾಕಪ್ಪು ಹಿಡಿದರೆ ಭಾನುವಾರ ರಾತ್ರಿಯವರೆಗೆ ಪೆಟ್ಟಿಗೆಗೆ ಬೇರೆ ಕೆಲಸ ಹೇಳುವಂತಿಲ್ಲ, ಅಷ್ಟರಲ್ಲಿ ಹಿಮ. ಸಂಖ್ಯೆ ನೋಡಿ ತಾರೀಖು ಹೇಳುವಂತಿಲ್ಲ. ಖಾಲಿಯಾದ ಸಂಖ್ಯೆಯನ್ನೇ ತಂತ್ರಾಂಶ ಸಿಕ್ಕ ಸಿಕ್ಕ ಹಾಗೆ ಮತ್ತೆ ಬಳಸುತ್ತದೆ. ಬೇಸಿಗೆಯಲ್ಲಿ ಹಳೆಯ ಪೆಟ್ಟಿಗೆಯಿಂದ ಇದಕ್ಕೆ ಸಾಗಿಸಿದಾಗ ಎಲ್ಲ ಮೂಟೆಗಳ ಮೇಲೂ ಒಂದೇ ತಾರೀಖು ಬಿದ್ದಿತ್ತು. ಇಪ್ಪತ್ತನಾಲ್ಕರಲ್ಲಿ ಒಂದನ್ನು ಆರಿಸಬೇಕು. ಅರ್ವಿ ತನ್ನ ಪಟ್ಟಿ ಮುಗಿಸಿದ ವಾರದ್ದೇ ಆಗಬೇಕು. ಅದಕ್ಕೆ ಹಿಂದಿನದರಲ್ಲಿ ಅರೆಬರೆ, ಮುಂದಿನದರಲ್ಲಿ ಏನೂ ಇಲ್ಲ.

"ಮುಗಿಸಿದ ದಿನ ಯಾವುದು?"

"ಏಪ್ರಿಲ್. ಶುರುವೋ ಕೊನೆಯೋ ನೆನಪಿಲ್ಲ."

"ಅವತ್ತು ಏನು ಮಾಡಿದೆ?"

"ಏನು ಮಾಡ್ತೀನಿ? ಖುಷಿಯಾಗಿತ್ತು. ಸುಮ್ಮನಿದ್ದೆ."

ಸಿಲ್ವಿ ನೀಲಿ ಪುಸ್ತಕ ತೆಗೆದಳು. ಕನ್ನಡಕ ಮೂಗಿನ ತುದಿಗೆ ಬಂತು. ಬೆರಳು ಸಾಲುಸಾಲಾಗಿ ಇಳಿಯಿತು. ಏಪ್ರಿಲ್ ನಾಲ್ಕು: 'ಬೂಟುಗಳ ಕೆಸರು. ನೆಲ ಒರೆಸಿದ್ದು ನಾನೇ.' ಬೆರಳು ಮುಂದಕ್ಕೆ ಹೋಗಿ ನಿಂತಿತು.

"ಏಪ್ರಿಲ್ ಹನ್ನೊಂದು," ಎಂದು ಓದಿದಳು. "'ಅರ್ವಿ ಏಲಕ್ಕಿ ಬ್ರೆಡ್ಡು ತಂದು ತಾನೇ ಎಲ್ಲರಿಗೂ ಹಂಚಿದ. ಯಾಕೆ ಅಂತ ಹೇಳಲಿಲ್ಲ. ಎರಡು ಸಲ ನಕ್ಕ.' ಮೂಟೆ ಎಪ್ಪತ್ತೊಂದು."

"ಎರಡು ಸಲ ನಕ್ಕಿದ್ದು ಬರ್ಕೊಂಡಿದ್ದೀಯಾ?"

"ಅಪರೂಪದ್ದು ಅಂತ ಬರೆದೆ."

ಎಪ್ಪತ್ತೊಂದನ್ನು ಓದಲು ಹಚ್ಚಿ ನಾವು ಮೂವರೂ ಕಾಫಿ ಕುಡಿದೆವು. ಮತ್ತೆ ಕುಡಿದೆವು. ಅರ್ವಿ ಕಂಪ್ಯೂಟರಿನ ಪರದೆಯ ಮೇಲೆ ನಿಧಾನವಾಗಿ ಬೆಳೆಯುತ್ತಿದ್ದ ಗೆರೆಯನ್ನು, ಹೆಪ್ಪುಗಟ್ಟಿದ ಸರೋವರದಲ್ಲಿ ಕೊರೆದ ತೂತಿನ ಮುಂದೆ ಗಾಳ ಹಿಡಿದು ಕೂತವನಂತೆ ನೋಡುತ್ತಿದ್ದ. ಡ್ಯಾರಿಲ್ ಎರಡು ಸಲ ಬಂದು "ಇನ್ನೂ ಕೂಗ್ತಿದೆ" ಎಂದು ನಮಗೆಲ್ಲ ಕೇಳಿಸುತ್ತಿದ್ದುದನ್ನೇ ಹೇಳಿ ಹೋದ.

ಒಂದೂ ಐವತ್ತಕ್ಕೆ ಗೆರೆ ತುಂಬಿತು. ಮೊದಲು ಬಂದವು ಮೀನುಗಳು, ನೂರಾ ಹನ್ನೆರಡು ಚಿತ್ರ. ಎಲ್ಲದರಲ್ಲೂ ಅರ್ವಿ, ಎಲ್ಲದರಲ್ಲೂ ಅದೇ ಟೋಪಿ. ಅವುಗಳ ಕೆಳಗೆ ಪಟ್ಟಿ.

ಅರ್ವಿ ಟೋಪಿ ತಲೆಗೆ ಹಾಕಿಕೊಂಡ. ಕಣ್ಣು ಒರೆಸಿಕೊಂಡು, "ಕಾಫಿ ಖಾರ," ಎಂದ.

ಸಿಲ್ವಿ ಉಳಿದ ಇಪ್ಪತ್ತಮೂರು ಮೂಟೆಗಳನ್ನು ಖಾಲಿ ಮಾಡುವಂತೆ ತಂತ್ರಾಂಶಕ್ಕೆ ಹೇಳಿದಳು. ಒಂದೊಂದಾಗಿ ಸೊನ್ನೆಯಾದವು: ಡ್ಯಾರಿಲ್‌ನ ನೆಗಡಿ, ನೆಲದ ಕೆಸರು, ಏನೂ ಆಗದ ಆ ಒಳ್ಳೆಯ ದಿನ. ಪ್ರತಿಯೊಂದರ ಎದುರಿಗೂ ಪುಸ್ತಕದಲ್ಲಿ ಸಣ್ಣ ಗುರುತು ಹಾಕಿದಳು, ಸಾಲುಗಳನ್ನು ಹೊಡೆಯಲಿಲ್ಲ. ತೊಂಬತ್ತೇಳು ಎಂಬತ್ತಾಯಿತು, ಅರವತ್ತಾಯಿತು. ಕೂಗು ನಿಂತಿತು. ಎಷ್ಟೋ ಹೊತ್ತಿನ ಮೇಲೆ ಫ್ರಿಜ್ಜಿನ ಗುಂಯ್‌ಗುಟ್ಟುವಿಕೆ ಕೇಳಿಸಿತು. ದೂರದ ಕೋಣೆಯಿಂದ ಡ್ಯಾರಿಲ್‌ನ "ಅಬ್ಬ" ಕೂಡ.

ಅರ್ವಿ ಮುದ್ರಿಸಿದ ಹಾಳೆಗಳನ್ನು ಎದೆಗವಚಿಕೊಂಡು ಎದ್ದ.

"ನಿಲ್ಲು," ಎಂದಳು ಸಿಲ್ವಿ. "ಕಡತ ಪೂರ್ತಿ ಬಂದಿದೆಯೋ ಇಲ್ಲವೋ ನೋಡಬೇಕು."

"ಬಂದಿದೆ ಬಿಡೇ. ಯಾಕೆ ಸುಮ್ಮನೆ?"

ಅವನು ಅಷ್ಟು ಬೇಗ ಹೇಳಿದ್ದೇ ತಪ್ಪಾಯಿತು. ಸಿಲ್ವಿ ಕಂಪ್ಯೂಟರಿನತ್ತ ಬಾಗಿ ಪಟ್ಟಿಯಲ್ಲಿ ತನ್ನ ರಸ್ತೆಗೆ ಇಳಿದಳು. ಮನೆಮನೆಯಾಗಿ ಬಂದಳು. ನಿಂತಳು. ನಾನೂ ಅವಳ ಭುಜದ ಮೇಲಿಂದ ಓದಿದೆ.

'ಸಿಲ್ವಿ ರೌತಿಯೊ. ಡಬ್ಬಿ ರಸ್ತೆಗೆ ಎರಡಡಿ ಚಾಚಿದೆ, ಬಲಕ್ಕೆ ಒತ್ತಿಕೊಂಡು ಹೋಗಬೇಕು. ಮೂರು ಸಲ ಗುದ್ದಿದ್ದೇನೆ. ಅವಳು ಲಿಯೊ ಅಂದುಕೊಂಡಿದ್ದಾಳೆ. ಹೇಳಬೇಡಿ.'

ಹೊರಗೆ ಗ್ಯಾಸಿನ ಲಾರಿ ಬಂದು ನಿಂತ ಸದ್ದಾಯಿತು. ಸಿಲ್ವಿ ಕಿಟಕಿಯ ಪರದೆ ಎಳೆಯಲಿಲ್ಲ.

"ಅದು ಹಿಮ ಜಾಸ್ತಿ ಇತ್ತು ಆ ವರ್ಷ," ಎಂದ ಅರ್ವಿ.

"ಮೂರು ವರ್ಷಾನೂ?"

"ಮೂರೂ ವರ್ಷ ಜಾಸ್ತಿನೇ ಇತ್ತು. ನೋಡು ಸಿಲ್ವಿ, ಪಟ್ಟಿ ಸಿಕ್ತಲ್ಲ. ಇನ್ನು ಆ ಎಪ್ಪತ್ತೊಂದನ್ನೂ ಖಾಲಿ ಮಾಡಿಬಿಡು. ಅವಧಿ ಮುಗಿದಿದ್ದಲ್ವಾ? ಜಾಗ ಬೇಕಲ್ಲ ನಿಮಗೆ."

ಸಿಲ್ವಿ ಕೀಲಿಮಣೆ ಎಳೆದುಕೊಂಡು ಎಪ್ಪತ್ತೊಂದರ ಎದುರಿಗೆ ಆರು ತಿಂಗಳು ಎಂದಿದ್ದುದನ್ನು ತೆಗೆದು ಹತ್ತು ವರ್ಷ ಎಂದು ಹಾಕಿದಳು. ಎದ್ದು ಬೂಟು ಹಾಕಿಕೊಂಡಳು. ಮೇಜಿನ ಮೇಲಿದ್ದ ಹೊಗೆ ಹಾಕಿದ ಮೀನಿನ ಪೊಟ್ಟಣವನ್ನು ಕಂಕುಳಲ್ಲಿ ಇಟ್ಟುಕೊಂಡಳು.

"ಅದು ನಿನಗೆ ತಂದಿದ್ದು ಕಣೇ," ಎಂದ ಅರ್ವಿ, ಹಾಳೆಗಳನ್ನು ಹಿಡಿದು ಕುಂಟುತ್ತಾ ಹಿಂದೆ ಬಂದು. "ಸಿಲ್ವಿ, ಕೇಳು. ನಾನೇ ಹೇಳೋನಿದ್ದೆ. ಹೋದ ಬೇಸಿಗೇಲೇ ಹೇಳೋನಿದ್ದೆ, ಆಗ ಮಂಡಿ..."

ಅವಳು ಆಗಲೇ ಬಾಗಿಲು ದಾಟಿ, ಗ್ಯಾಸಿನ ಲಾರಿಯ ಕಡೆಗೆ ನಡೆದಿದ್ದಳು.