ಅರ್ಧ ಪಿನ್ನು, ಅರ್ಧ ದಾರ

ಕುನ್‌ಸಾನ್ ಬಂದರಿನಲ್ಲಿ ಮೀನು ಒಣಗಿಸುವ ಹೆಂಗಸರೊಳಗೆ ಚುನ್‌ಮಿಯಂಥ ಬಾಯಾಳಿ ಇನ್ನೊಬ್ಬಳಿರಲಿಲ್ಲ. ಭಾನುವಾರ ಅವಳು ಹೆಂಗಸರೆಲ್ಲ ಒಟ್ಟಿಗೆ ಮೀಯುವ ಊರ ಸ್ನಾನದಮನೆಗೆ ಬಂದಳೆಂದರೆ ಬಿಸಿನೀರಿನ ತೊಟ್ಟಿಯಲ್ಲಿ ನಗುವೋ ನಗು. ಆ ನಗುವಿಗೆ ಅವಳ ಹೊಟ್ಟೆಯೇ ಬಂಡವಾಳ. ಮಗಳು ಹುಟ್ಟುವಾಗ, ಯಾವ ಹೊಲಿಗೆಯ ಕಲೆ ಚೆನ್ನಾಗಿ ಮಾಗುತ್ತದೆಂದು ಹೋಲಿಸಿ ನೋಡಲು, ಆಸ್ಪತ್ರೆಯವರು ಅವಳ ಒಪ್ಪಿಗೆ ಪಡೆದು, ಹೊಟ್ಟೆ ಕೊಯ್ದ ಗಾಯದ ಎಡ ಅರ್ಧಕ್ಕೆ ಲೋಹದ ಪಿನ್ನು ಹೊಡೆದಿದ್ದರು, ಬಲ ಅರ್ಧವನ್ನು ಚರ್ಮದೊಳಗೇ ದಾರ ಓಡಿಸಿ ಹೊಲಿದಿದ್ದರು. ಬಲಗಡೆ ಕೂದಲೆಳೆಯಂಥ ಗೆರೆ ಉಳಿಯಿತು. ಎಡಗಡೆ ಜರಿಹುಳ ಮಲಗಿದಂತಿತ್ತು, ಕಾಲುಗಳ ಸಮೇತ.

“ಬನ್ರೇ, ಓಟು ಹಾಕಿ! ಎಡವೋ ಬಲವೋ?” ಎಂದು ಅವಳು ಕೂಗಿದರೆ, “ಎಡಗಡೆ ಹೊಲಿದೋನು ಕುಡಿದು ಬಂದಿದ್ನೇನೇ?” ಎಂದು ಅಜ್ಜಿಯರು ಕೆಣಕುತ್ತಿದ್ದರು.

ಈ ಭಾನುವಾರ ತಂಗಿ ಗುಮ್‌ಹಿ ಜೊತೆಗಿದ್ದಳು. ತುಂಬು ಬಸುರಿ. ಮಗು ತಲೆ ಮೇಲಾಗಿ ಕೂತಿತ್ತು, ನಾಳೆ ಆಪರೇಷನ್. ಸತ್ತರೂ ಹೋಗಲಾರೆನೆಂದು ಅವಳು ಹಟ ಹಿಡಿದಿದ್ದಳು. ಗಂಡ, ಅತ್ತೆ ಹೇಳಿ ಹೇಳಿ ಸೋತಿದ್ದರು. ಹೆತ್ತ ಮೇಲೆ ವಾರಗಟ್ಟಲೆ ಮೈಗೆ ನೀರು ಸೋಕಿಸುವಂತಿಲ್ಲವಲ್ಲ, ಆ ನೆಪದಲ್ಲಿ ಚುನ್‌ಮಿ ಎಳೆತಂದಿದ್ದಳು.

“ತಮಾಷೆ ಬಿಟ್ಟು ಹೇಳಕ್ಕಾ. ಯಾವುದು ಒಳ್ಳೇದು?”

“ದಾರ ಕಣೇ. ಕಣ್ಣು ಮುಚ್ಕೊಂಡು ದಾರ ಅನ್ನು.”

“ನೋವು?”

ಚುನ್‌ಮಿಯ ನಾಲಿಗೆ ತುದಿಯ ಹಾಸ್ಯ ಅಲ್ಲೇ ನಿಂತಿತು. ವರ್ಷವಿಡೀ ಡಾಕ್ಟರು ಕಲೆ ಅಳೆದರು, ಫೋಟೋ ತೆಗೆದರು. ಇದನ್ನು ಮಾತ್ರ ಯಾರೂ ಕೇಳಿರಲಿಲ್ಲ. ಹೆತ್ತವಳ ಹೊಟ್ಟೆಗೆ ಅಳತೆಪಟ್ಟಿ ಹಿಡಿದವರಿಗೆ ಅಷ್ಟೂ ತೋಚಲಿಲ್ಲವೇ ಎಂದರೆ, ತೋಚಲಿಲ್ಲ.

“ಮೊದಲ ಸಲ ಎದ್ದು ಕೂರೋವಾಗ ಎರಡೂ ಕಡೆ ಒಂದೇ ಥರ ಜೀವ ಹೋಗುತ್ತೆ,” ಎಂದಳು ಮೆಲ್ಲಗೆ. “ಅದು ಕಳೆಯುತ್ತೆ ಬಿಡು. ಆದ್ರೆ ಒಂದು ವರ್ಷ ನಾನು ಇಲ್ಲಿಗೆ ಕಾಲಿಡಲಿಲ್ಲ, ಗೊತ್ತಾ? ನಿಮ್ಮ ಭಾವನ ಎದುರಿಗೆ ದೀಪ ಆರಿಸದೆ ಬಟ್ಟೆ ಬದಲಾಯಿಸ್ಲಿಲ್ಲ.”

“ಮತ್ತೆ ಇಷ್ಟೊಂದು ನಗ್ತೀಯ?”

“ಬೇರೆಯೋರು ನಗೋ ಮೊದಲು ನಾನೇ ನಕ್ಕುಬಿಟ್ಟೆ. ಅಳೋಕೆ ನಾಚಿಕೆ ಆಗ್ತಿತ್ತು ಕಣೇ.”

ಅಕ್ಕ ಸುಳ್ಳು ಧೈರ್ಯ ಹೇಳಿದ್ದರೆ ಗುಮ್‌ಹಿ ನಂಬುತ್ತಿರಲಿಲ್ಲ; ಇದನ್ನು ನಂಬಿದಳು.

“ನಾಳೆ ಹೋಗ್ತೀನಿ. ದಾರಾನೇ ಕೇಳ್ತೀನಿ. ನೀನೂ ಬಾ. ಆದ್ರೆ ನಾನು ಅತ್ತರೆ ನಗಿಸ್ಬೇಡ.”

“ಇಲ್ಲ ಕಣೇ, ನಗ್ಸಲ್ಲ,” ಎಂದಳು ಚುನ್‌ಮಿ. ತಂಗಿ ಅವಳ ಬೆನ್ನನ್ನು ತನ್ನತ್ತ ತಿರುಗಿಸಿಕೊಂಡು ಮೆಲ್ಲಗೆ ಉಜ್ಜತೊಡಗಿದಳು.