ಕೊಬ್ಬರಿ ಮಂಡಿಯ ಮೇಲಿನ ಕೋಣೆ

ಮೊನ್ನೆ ಹಾಸನದಲ್ಲಿ ನಮ್ಮ ಬೀದಿಯ ದಿನಸಿ ಅಂಗಡಿಯವನು, "ನೀವ್ಯಾಕ್ ಸಾ ಬರಾಕೋಗ್ತೀರಾ? ಚೀಟಿ ಬರ್ದು ಕೊಟ್ಬುಡಿ, ಸಾಮಾನೆಲ್ಲ ಮನೆಗೇ ಕಳಿಸ್ತೀನಿ" ಎಂದ. ನನ್ನ ಮೊಣಕಾಲಿನ ಪಾಡು ನೋಡಿ ಹೇಳಿದ ಮಾತು, ತಪ್ಪೇನಿಲ್ಲ. ಹೂಂ ಎನ್ನುವುದರಲ್ಲಿದ್ದೆ. ಅಷ್ಟರಲ್ಲಿ ಅವನು ಕೊಬ್ಬರಿ ಚೀಲದ ಬಾಯಿ ಬಿಚ್ಚಿದ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಚನ್ನರಾಯಪಟ್ಟಣದಲ್ಲಿದ್ದೆ. ತಲೆಯ ಮೇಲೆ ಕೂದಲೂ ಇತ್ತು.

ಅರವತ್ತರ ದಶಕದ ಮಾತು. ಆಗ ಡಾಕ್ಟರೇಟಿಗೆ ಓದುತ್ತಿದ್ದೆ. ವಿಷಯ ಹೇಳಿದರೆ ನೀವು ನಗಬಾರದು: ವ್ಯಾಪಾರ ಸಂಸ್ಥೆ ಎಂಬುದು ಏಕೆ ಇದೆ? ಪ್ರತಿಯೊಂದು ಕೆಲಸವನ್ನೂ ಪೇಟೆಯಲ್ಲಿ ಬೇಕಾದಾಗ ಬೇಕಾದಷ್ಟು ಕೊಳ್ಳಬಹುದಾದರೆ, ಹತ್ತು ಜನ ಒಂದೇ ಸೂರಿನಡಿ ಸೇರಿ ಒಬ್ಬ ಯಜಮಾನನ ಮಾತು ಕೇಳುವುದು ಯಾತಕ್ಕೆ? ವಿದೇಶದ ಪಂಡಿತರು ಇದಕ್ಕೆ ದಪ್ಪ ದಪ್ಪ ಪುಸ್ತಕಗಳಲ್ಲಿ ಉತ್ತರ ಬರೆದಿದ್ದರು. ಅವನ್ನೆಲ್ಲ ಟ್ರಂಕಿನಲ್ಲಿ ತುಂಬಿಕೊಂಡು ಪುಟ್ಟೇಗೌಡರ ಕೊಬ್ಬರಿ ಮಂಡಿಯ ಮೇಲಿನ ಕೋಣೆಗೆ ಬಾಡಿಗೆಗೆ ಬಂದೆ. ಒಂದು ಸಂಸ್ಥೆಯನ್ನು ಹತ್ತಿರದಿಂದ ನೋಡಿ ಪ್ರಬಂಧ ಬರೆಯಬೇಕೆಂದು ಗುರುಗಳ ಅಪ್ಪಣೆ.

ಆ ಊರಲ್ಲಿ ನನಗೆ ಗೊತ್ತಿದ್ದವರು ಯಾರೂ ಇಲ್ಲ. ಓದುತ್ತಿದ್ದೇನೆ ಎಂದಾಗ ಗೌಡರು, "ಈ ವಯಸ್ಸಲ್ಲೂವಾ? ಯಾಕೆ, ಪಾಸಾಗ್ನಿಲ್ವಾ ಮೇಷ್ಟ್ರೇ?" ಎಂದು ಮರುಗಿದರು. ಮೈಸೂರಿನಿಂದ ಗುರುಗಳ ಕಾಗದ ತಿಂಗಳಿಗೊಂದು, ಅದೂ ಎರಡೇ ಸಾಲು. ಎಷ್ಟೋ ದಿನ ಹೋಟೆಲಿನವನಿಗೆ "ಒಂದು ಕಾಫಿ" ಎಂದದ್ದೇ ನನ್ನ ಇಡೀ ದಿನದ ಮಾತುಕತೆ.

ಕೆಳಗೆ ಅಂಗಳದಲ್ಲಿ ಮಾತ್ರ ಬೆಳಗಿನಿಂದ ಸಂಜೆಯವರೆಗೆ ಗಲಾಟೆ. ವರ್ಷದುದ್ದಕ್ಕೂ ಅಟ್ಟದ ಮೇಲೆ ಒಣಗಿದ ತೆಂಗಿನಕಾಯಿಯನ್ನು ಎಂಟು ಹೆಂಗಸರು ಸುಲಿದು, ಚಿಪ್ಪು ಒಡೆದು, ಒಳಗಿನ ಕೊಬ್ಬರಿ ಉಂಡೆಯಾಗಿಯೇ ಉಳಿಯುವಂತೆ ಬಿಡಿಸುತ್ತಿದ್ದರು. ಮೊದಲು ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಬೇಕು. ಒಳಗೆ ಲೊಡಲೊಡ ಎಂದರೆ ಕೊಬ್ಬರಿ ಆಗಿದೆ ಎಂದರ್ಥ. ಅದರ ಜೊತೆಗೆ ಸೊಸೆಯ ಮೇಲಿನ ದೂರು, ಪಕ್ಕದ ಮನೆಯ ಸುದ್ದಿ, ಪದ, ನಗು. ನಾನು ಸಿಡುಕು ಮನುಷ್ಯ. ಕಿಟಕಿಯನ್ನು ಅವರಿಗೆ ಕೇಳಿಸುವಂತೆ ಬಡಿದು ಮುಚ್ಚುತ್ತಿದ್ದೆ.

ಒಂದು ದಿನ ವಿದ್ವತ್ತು ನೆತ್ತಿಗೇರಿ ಗೌಡರಿಗೆ ಉಪದೇಶ ಮಾಡಿದೆ. ಕೂಲಿ ಹೇಗೂ ಒಡೆದ ಕಾಯಿಗೆ ಇಷ್ಟು ಎಂದು. ಆ ಹೆಂಗಸರನ್ನು ಇಲ್ಲಿ ಕೂರಿಸುವುದೇಕೆ? ಕಾಯಿಯನ್ನು ಅವರವರ ಮನೆಗೇ ಕಳಿಸಿ, ನಿಗಾ ಇಡುವ ಕೆಲಸವೂ ತಪ್ಪುತ್ತದೆ ಎಂದೆ. ಗಲಾಟೆಯೂ ತಪ್ಪುತ್ತದೆ ಎಂಬುದನ್ನು ಹೇಳಲಿಲ್ಲ. "ಓದಿದೋರು ಏಳ್ತಾವ್ರೆ, ಅಂಗೇ ಮಾಡ್ಬುಡಾನ" ಎಂದು ಗೌಡರು ಗಾಡಿ ಕಟ್ಟಿಸಿ ಕಾಯಿ ಹಂಚಿಸಿದರು.

ಮರುದಿನ ಅಂಗಳ ಸದ್ದಿಲ್ಲದೆ ಬಿದ್ದಿತ್ತು. ಪುಸ್ತಕ ತೆರೆದೆ, ಒಂದು ಸಾಲೂ ತಲೆಗೆ ಹೋಗಲಿಲ್ಲ. ಅದರ ಮಾರನೆಯ ದಿನ ಪುಸ್ತಕ ತೆರೆಯಲೇ ಇಲ್ಲ, ಕಿಟಕಿ ತೆರೆದು ಖಾಲಿ ಅಂಗಳ ನೋಡುತ್ತ ಕೂತೆ. ನನ್ನೊಡನೆ ಒಂದು ಮಾತೂ ಆಡದ ಆ ಹೆಂಗಸರೇ ಇಷ್ಟು ದಿನ ನನಗೆ ಜೊತೆಯಾಗಿದ್ದರೆಂದು ತಿಳಿದು ಅಳು ಬಂತು.

ನಾಲ್ಕನೆಯ ದಿನ ನಿಂಗಮ್ಮ ಬಂದಳು. ಆ ಗುಂಪಿನಲ್ಲೆಲ್ಲ ಹಿರಿಯಳು, ಗಂಡ ಮಕ್ಕಳಿಲ್ಲದವಳು. ತಲೆಯ ಮೇಲೆ ಕಾಯಿ ತುಂಬಿದ ಮಂಕರಿ. ಎರಡು ಮೈಲಿ ಹೊತ್ತು ತಂದು, ತನ್ನ ಹಳೆಯ ಜಾಗದಲ್ಲಿ ಕೂತು ಸುಲಿಯತೊಡಗಿದಳು. ನಾನು ಇಳಿದುಹೋಗಿ, "ಮನೆಯಲ್ಲೇ ಮಾಡಬಹುದಿತ್ತಲ್ಲಮ್ಮ?" ಎಂದೆ.

"ಮನೇಲಿ ಯಾರವ್ರೆ ಸಾ? ಕಾಯಿ ಅಲ್ಲಾಡ್ಸುದ್ರೆ ಅದೊಂದೇ ಸದ್ದು ಕಣ್ ಸಾ. ನಾನು ಬರೀ ಕೂಲಿಗೇ ಬತ್ತಿದ್ನಾ? ಇಲ್ಲಿ ಎಲ್ರೂ ಇರ್ತಾರೆ ಅಂತ ಬತ್ತಿದ್ದೆ."

ಸಲಹೆ ನನ್ನದೇ ಎಂದು ಅವಳಿಗೆ ಹೇಳುವ ಧೈರ್ಯ ಬರಲಿಲ್ಲ. ಗೌಡರ ಮುಂದೆ ಮಾತ್ರ ತಪ್ಪು ಒಪ್ಪಿಕೊಂಡೆ. "ನಂಗೂ ಬೇಜಾರಾಗಿತ್ತು ಬುಡಿ ಮೇಷ್ಟ್ರೇ" ಎಂದು ನಕ್ಕು, ಎಲ್ಲರನ್ನೂ ಮತ್ತೆ ಕರೆಸಿದರು. ಆಮೇಲೆ ಆ ಕಿಟಕಿಯನ್ನು ನಾನು ಮುಚ್ಚಲಿಲ್ಲ.

ನಿಂಗಮ್ಮನ ಮಾತನ್ನು ಪ್ರಬಂಧದಲ್ಲಿ ಬರೆದೆ. ಇದು ಸಿದ್ಧಾಂತವಲ್ಲ ಎಂದು ಗುರುಗಳು ಕೆಂಪು ಶಾಯಿಯಲ್ಲಿ ಗೀಚಿ ಹಿಂದಿರುಗಿಸಿದರು. ಪದವಿ ಬೇಕಿತ್ತು, ಆ ಪುಟ ಕಿತ್ತುಹಾಕಿದೆ. ಮುಂದೆ ವರ್ಷಗಟ್ಟಲೆ ಅದೇ ವಿಷಯವನ್ನು ಪಾಠ ಮಾಡಿದೆ, ಅವಳ ಉತ್ತರವೊಂದನ್ನು ಬಿಟ್ಟು.

ಈಗ ಮನೆಯಲ್ಲಿ ನಾನೊಬ್ಬನೇ. "ಏನ್ ಸಾ, ಕಳಿಸ್ಲಾ?" ಎಂದು ಅಂಗಡಿಯವನು ಮತ್ತೆ ಕೇಳಿದ. "ಬೇಡಪ್ಪ, ನಾನೇ ಬರ್ತೀನಿ" ಎಂದೆ. ಒಂದು ಕಿಲೋ ಬೇಳೆ ಬೇಕಿತ್ತು. ಅರ್ಧ ಕಿಲೋ ಕಟ್ಟಿಸಿಕೊಂಡೆ. ಇನ್ನರ್ಧಕ್ಕೆ ನಾಳೆ ಹೋಗಬೇಕು.