ಹೃದಯದ ಡಾಕ್ಟರರ ಬಲಗಿವಿ

ನಮ್ಮ ಯಜಮಾನರು ಹೃದಯದ ಡಾಕ್ಟರು. ಅಮೆರಿಕದಲ್ಲಿ ನಾವಿರುವ ಡೌನರ್ಸ್ ಗ್ರೋವ್ ಸುತ್ತಮುತ್ತ ಯಾರ ಮನೆಯಲ್ಲಿ ಸತ್ಯನಾರಾಯಣ ಪೂಜೆಯಾದರೂ ಪ್ರಸಾದದ ಜೊತೆ ಇವರ ಉಪದೇಶವೂ ಬಿಟ್ಟಿ. ರಿಸೆಷನ್‌ನಲ್ಲಿ ಕೆಲಸ, ಇನ್ಶೂರೆನ್ಸ್ ಎರಡೂ ಕಳೆದುಕೊಂಡವರು ಊಟದ ತಟ್ಟೆ ಹಿಡಿದೇ ಇವರ ಮುಂದೆ ಸಾಲುಗಟ್ಟುತ್ತಿದ್ದರು. ಉಪ್ಪು ಬಿಡಿ, ನಡೆಯಿರಿ, ಬಿಪಿ ನೋಡಿಸಿಕೊಳ್ಳಿ ಎನ್ನುತ್ತ ಇವರು ಇನ್ನೊಂದು ಹಪ್ಪಳ ಮುರಿಯುತ್ತಿದ್ದರು.

ಷೇರುಗಳು ನೆಲಕಚ್ಚಿದ ಆ ವರ್ಷ, ಅರವತ್ತೆಂಟಾಗಿದ್ದರೂ ರಿಟೈರ್ ಆಗುವ ಮಾತನ್ನೇ ಬಿಟ್ಟರು. ಅಂಥದ್ದರಲ್ಲಿ ಒಂದು ಬೆಳಿಗ್ಗೆ ಎದ್ದಾಗ ಬಲಗಿವಿಗೆ ಏನೂ ಕೇಳಿಸುತ್ತಿರಲಿಲ್ಲ. ಒಳಗೆ ಗುಯ್ ಎನ್ನುವ ಸದ್ದು ಮಾತ್ರ. ಕಿವಿಯ ಡಾಕ್ಟರ ಹತ್ತಿರ ಇವತ್ತೇ ಹೋಗೋಣ ಎಂದೆ. ನೆಗಡಿ, ಗುಗ್ಗೆ ಕಟ್ಟಿದೆ ಅಷ್ಟೇ ಎಂದು ಎರಡು ಹನಿ ಔಷಧಿ ಬಿಟ್ಟುಕೊಂಡು ಕೆಲಸಕ್ಕೆ ಹೊರಟರು.

ನಿಜವಾದ ಕಾರಣ ನನಗೆ ಗೊತ್ತಿತ್ತು. ಅವರ ಆಸ್ಪತ್ರೆಯ ಕಿವಿಯ ಡಾಕ್ಟರು ನಮ್ಮ ಸ್ನೇಹಿತರ ಮಗಳು. ನಮ್ಮ ಸೋಫಾದ ಮೇಲೆ ಉಚ್ಚೆ ಹೊಯ್ದ ಮಗುವಿನ ಮುಂದೆ ಕಿವಿ ಒಡ್ಡಿ ಕೂರುವುದೇ? ಅದಕ್ಕಿಂತ ದೊಡ್ಡ ಭಯ, ಸುದ್ದಿ ತಿಳಿದರೆ ಕ್ಲಿನಿಕ್ಕಿನ ಕಿರಿಯರು ತಮ್ಮನ್ನು ಮನೆಗೆ ಕಳಿಸುತ್ತಾರೆ ಎಂದು. ಒಂದೇ ಕಿವಿಯಲ್ಲಿ ಊರವರ ಎದೆಬಡಿತ ಕೇಳಲು ಹೊರಟ ಈ ಜಂಬಕ್ಕೆ ಏನೆನ್ನಲಿ? ನನಗೆ ಮೈಯೆಲ್ಲ ಉರಿಯುತ್ತಿತ್ತು.

ತಿಂಗಳಾದ ಮೇಲೆ ಗ್ಯಾರೇಜಿನಲ್ಲಿ ತಲೆಸುತ್ತಿ ಕುಸಿದರು. ಆಗ ಆ ಹುಡುಗಿಯ ಮುಂದೆಯೇ ಕೂರಬೇಕಾಯಿತು. ಮೊದಲ ದಿನಗಳಲ್ಲೇ ಬಂದಿದ್ದರೆ ಔಷಧಿ ಕೊಟ್ಟು ನೋಡಬಹುದಿತ್ತು, ಈಗ ಕಷ್ಟ ಎಂದು ಇಂಗ್ಲಿಷಿನಲ್ಲಿ ಮೆಲ್ಲಗೆ ಹೇಳಿದಳು. ಆಮೇಲೆ ಬಿಪಿ ನೋಡಿದವಳು ಮತ್ತೊಮ್ಮೆ ನೋಡಿದಳು.

"ಅಂಕಲ್, ಹೂ ಚೆಕ್ಸ್ ಯೂ?" ಎಂದಳು.

ಇವರನ್ನು ಪರೀಕ್ಷಿಸುವವರು ಯಾರೂ ಇಲ್ಲ. ಊರಿಗೆಲ್ಲ ಬುದ್ಧಿ ಹೇಳಿದ ಮಹಾನುಭಾವರು ತಮ್ಮ ತೋಳಿಗೆ ಬಿಪಿ ಪಟ್ಟಿ ಸುತ್ತಿಸಿಕೊಂಡು ವರ್ಷಗಳೇ ಆಗಿದ್ದವು. ಈ ವಯಸ್ಸಿನಲ್ಲಿ ಹಠಾತ್ತನೆ ಕಿವಿ ಹೋದರೆ ಹೃದಯ, ರಕ್ತನಾಳಗಳನ್ನೂ ನೋಡಿಸಬೇಕು ಎಂದು ಅವಳು ಹೃದಯದ ಡಾಕ್ಟರ ಹತ್ತಿರ ಕಳಿಸಿದಳು. ಹೃದಯದ ಡಾಕ್ಟರನ್ನೇ!

ಅಲ್ಲಿ ಪರೀಕ್ಷಿಸಿದವನು ಇವರ ಕೈಕೆಳಗೇ ಪಳಗಿದ ಹುಬ್ಬಳ್ಳಿಯ ಹುಡುಗ. ಎದೆಗೆ ಸ್ಟೆತಸ್ಕೋಪ್ ಇಟ್ಟು ಬಹಳ ಹೊತ್ತು ಕೇಳಿದ. ಬಡಿತ ತಪ್ಪುತ್ತಿದೆ, ಮಾತ್ರೆ ಶುರುಮಾಡೋಣ ಎಂದ. ಆಮೇಲೆ ಇವರ ಬಲಕ್ಕೆ ಬಂದು ನಿಂತು ತಗ್ಗಿದ ದನಿಯಲ್ಲಿ ಇನ್ನೊಂದು ಮಾತು ಹೇಳಿದ. ಇವರು ಎದುರಿನ ಗೋಡೆ ನೋಡುತ್ತ ಕೂತೇ ಇದ್ದರು. ಅವನು ನನ್ನ ಮುಖ ನೋಡಿದ. ಗುರುವಿಗೆ ಅದನ್ನು ಎರಡನೆಯ ಸಲ ಹೇಳಲು ಅವನಿಗೆ ಬಾಯಿ ಬರಲಿಲ್ಲ.

ನಾನೇ ಎದ್ದು, ಎಡಕ್ಕೆ ಹೋಗಿ ಬಗ್ಗಿದೆ.

"ರೀ, ನಾಳೆಯಿಂದ ಪೇಷೆಂಟ್‌ಗಳನ್ನ ನೋಡೋದು ಬೇಡ ಅಂತಿದಾರೆ."